ಮೊಟ್ಟೆಗೆ ಕೊನೆಗೂ ಜಾಮೀನು

ಹೃದ್ರೋಗ ತಜ್ಞರ ಬಾಗಿಲಲ್ಲಿ ಕಾಯುವವರಿಗೆ ಓದಲು ಸಿಗುವುದು ಗೋಡೆ ಮಾತ್ರ. ಮೊನ್ನೆ ನಾನು ಓದಿದ ಗೋಡೆಯ ಮೇಲೆ ಆಹಾರದ ಭಿತ್ತಿಪತ್ರವೊಂದಿತ್ತು. ಎಡಮೂಲೆಯ ಪಿನ್ನು ಬಿದ್ದುಹೋಗಿ ಕಾಗದ ನಾಯಿಯ ಕಿವಿಯಂತೆ ಜೋತುಬಿದ್ದಿತ್ತು. ಅದರ ಹಿಂದಿನಿಂದ ಹಳೆಯ ಭಿತ್ತಿಪತ್ರ ಇಣುಕುತ್ತಿತ್ತು. ಮೇಲಿನದರಲ್ಲಿ ಮೊಟ್ಟೆಯೊಂದು ತಟ್ಟೆಯಲ್ಲಿ ಹಾಯಾಗಿ ಮಲಗಿತ್ತು. ಹಿಂದಿನದರಲ್ಲಿ ಅದೇ ಮೊಟ್ಟೆಯ ಮೇಲೆ ಅಡ್ಡಲಾಗಿ ಕೆಂಪು ಗೀಟು. ಎರಡರಲ್ಲೂ ಬರೆದದ್ದು ಒಂದೇ: ನಿಮ್ಮ ಹೃದಯದ ಹಿತಕ್ಕಾಗಿ.

ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತಾ, "ನೋಡಿದಿರಾ ಸ್ವಾಮಿ? ಇವರ ಮಾತು ಕೇಳಿ ಇಪ್ಪತ್ತು ವರ್ಷ ಮೊಟ್ಟೆಯ ಹಳದಿ ಬಿಸಾಡಿದೆ. ಈಗ ತಿನ್ನಬಹುದಂತೆ. ಆ ಇಪ್ಪತ್ತು ವರ್ಷದ ಹಳದಿಯನ್ನು ಯಾರು ತಂದುಕೊಡುತ್ತಾರೆ?" ಎಂದರು.

ನ್ಯಾಯವಾದ ಪ್ರಶ್ನೆ. ಸುಳ್ಳು ಮೊಕದ್ದಮೆಯಲ್ಲಿ ಜೈಲು ಕಂಡವನು ಪರಿಹಾರವನ್ನಾದರೂ ಕೇಳಬಹುದು. ಹಳದಿಯ ಪರವಾಗಿ ವಕಾಲತ್ತು ಹಾಕುವವರು ಯಾರೂ ಇಲ್ಲ.

ಈ ಮೊಕದ್ದಮೆಗೆ ರಂಗೇರಿದ್ದು ಒಬ್ಬ ದೊಡ್ಡ ಮನುಷ್ಯರ ಎದೆ ನೊಂದಾಗ. 1955ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾಯಿತು. ಬಡವನ ಎದೆ ನಿಂತರೆ ಹಣೆಬರಹ, ಅಧ್ಯಕ್ಷರ ಎದೆ ತಾಳ ತಪ್ಪಿದರೆ ರಾಷ್ಟ್ರೀಯ ಸಮಸ್ಯೆ. 1949ರಲ್ಲಿ ಬಿಡುವವರೆಗೆ ಅವರು ದಿನಕ್ಕೆ ನಾಲ್ಕು ಪ್ಯಾಕ್ ಸಿಗರೇಟು ಸೇದುತ್ತಿದ್ದವರು. ಆದರೂ ಸಂಶಯದ ಬೆರಳು ಮೆಲ್ಲಗೆ ತಟ್ಟೆಯತ್ತ ತಿರುಗಿತು. ತಟ್ಟೆಗೆ ಬಾಯಿಲ್ಲ ನೋಡಿ.

ಪ್ರಾಸಿಕ್ಯೂಷನ್ ಪರವಾಗಿ ನಿಂತವರು ಆನ್ಸೆಲ್ ಕೀಸ್ ಎಂಬ ಶರೀರಶಾಸ್ತ್ರಜ್ಞರು. 1953ರಲ್ಲೇ ಅವರು ಆರು ದೇಶಗಳ ಅಂಕಿ ಹಿಡಿದು ಒಂದು ಗೆರೆ ಎಳೆದಿದ್ದರು: ಊಟದಲ್ಲಿ ಕೊಬ್ಬು ಏರಿದಂತೆ ಹೃದ್ರೋಗದ ಸಾವೂ ಏರುತ್ತದೆ. ಅಷ್ಟು ಚೆಂದದ ಗೆರೆ ರೇಖಾಗಣಿತದ ಪುಸ್ತಕದಲ್ಲೂ ಸಿಗುವುದು ಕಷ್ಟ. 1957ರಲ್ಲಿ ಇಬ್ಬರು ತಕರಾರಿನವರು ಎದ್ದು, "ಅಂಕಿ ಸಿಗುವುದು 22 ದೇಶಗಳದ್ದಲ್ಲವೇ?" ಎಂದು ಕೇಳಿದರು. ಇಪ್ಪತ್ತೆರಡನ್ನೂ ಸೇರಿಸಿದಾಗ ಗೆರೆ ಅಳಿಸಿಹೋಗಲಿಲ್ಲ. ತುಸು ತೂರಾಡಿತು, ಅಷ್ಟೆ. ಆದರೆ ತೂರಾಡುವ ಗೆರೆಯನ್ನು ಭಿತ್ತಿಪತ್ರದಲ್ಲಿ ಅಚ್ಚು ಹಾಕಿಸಲಾದೀತೇ? 1961ರಲ್ಲಿ ಕೀಸ್ ಟೈಮ್ ಪತ್ರಿಕೆಯ ಮುಖಪುಟಕ್ಕೇರಿದರು. 1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ತೀರ್ಪು ಕೊಟ್ಟಿತು: ದಿನಕ್ಕೆ 300 ಮಿಲಿಗ್ರಾಂಗಿಂತ ಕಡಿಮೆ ಕೊಲೆಸ್ಟರಾಲ್, ವಾರಕ್ಕೆ ಮೂರೇ ಹಳದಿ.

ಒಂದು ದೊಡ್ಡ ಮೊಟ್ಟೆಯಲ್ಲಿ ಸುಮಾರು 186 ಮಿಲಿಗ್ರಾಂ ಕೊಲೆಸ್ಟರಾಲ್ ಇರುತ್ತದೆ. ಅಂದರೆ ಬೇರೇನನ್ನೂ ಮುಟ್ಟದವನಿಗೆ ದಿನಕ್ಕೆ ಒಂದೂವರೆ ಮೊಟ್ಟೆ ಸಲ್ಲುತ್ತದೆ. ಉಳಿದ ಅರ್ಧವನ್ನು ಏನು ಮಾಡಬೇಕೆಂಬ ಬಗ್ಗೆ ಯಾವ ಸುತ್ತೋಲೆಯೂ ಹೊರಡಲಿಲ್ಲ.

1977ರಲ್ಲಿ ಕಡತ ಅಮೆರಿಕದ ಸೆನೆಟ್ ಸಮಿತಿಗೆ ಹೋಯಿತು. ಅಧ್ಯಕ್ಷತೆ ಜಾರ್ಜ್ ಮೆಕ್‌ಗವರ್ನ್ ಅವರದು. ಕೊನೆಯ ಪುರಾವೆ ಕೈಸೇರುವವರೆಗೆ ಕಾಯುವ ಸೌಕರ್ಯ ವಿಜ್ಞಾನಿಗಿದೆ, ಸೆನೆಟರಿಗಿಲ್ಲ ಎಂಬರ್ಥದ ಮಾತು ಅವರ ಬಾಯಿಂದ ಬಂತು. ಸಮಿತಿಯ ಮೊದಲ ಆವೃತ್ತಿ "ಮಾಂಸ ಕಡಿಮೆ ಮಾಡಿ" ಎಂದಿತು. ದನ ಸಾಕುವವರು ಕೆರಳಿದರು. ಅದೇ ವರ್ಷ ಎರಡನೆಯ ಆವೃತ್ತಿ ಬಂತು. ಸ್ಯಾಚುರೇಟೆಡ್ ಕೊಬ್ಬು (ಬೆಣ್ಣೆಯಲ್ಲಿರುವಂಥ ಗಟ್ಟಿ ಕೊಬ್ಬು) ತಗ್ಗುವಂಥ ಮಾಂಸ, ಕೋಳಿ, ಮೀನುಗಳನ್ನು ಆರಿಸಿಕೊಳ್ಳಿ ಎಂದು ವಾಕ್ಯ ಮಗ್ಗುಲು ಬದಲಿಸಿತ್ತು. ಹಾವು ಸಾಯಲಿಲ್ಲ, ಕೋಲು ಮುರಿಯಲಿಲ್ಲ, ದನ ಮಾತ್ರ ಸತ್ತಿತು. 1980ರಿಂದ ಐದೈದು ವರ್ಷಕ್ಕೊಮ್ಮೆ ಸರ್ಕಾರಿ ಮಾರ್ಗಸೂಚಿ ಹೊರಡತೊಡಗಿತು, ಪಂಚಾಂಗದಂತೆ. ಪಂಚಾಂಗದವರಾದರೂ ಕಳೆದ ವರ್ಷದ ಗ್ರಹಣವನ್ನು ಈ ವರ್ಷ ಹಿಂದಕ್ಕೆ ಪಡೆಯುವುದಿಲ್ಲ.

ಕೊಬ್ಬನ್ನು ಓಡಿಸಿದ ಮೇಲೆ ಆ ಕುರ್ಚಿ ಖಾಲಿ ಉಳಿಯಿತೇ? ಸಕ್ಕರೆ ಬಂದು ಕಾಲ ಮೇಲೆ ಕಾಲು ಹಾಕಿ ಕುಳಿತಿತು. "ಕೊಬ್ಬಿಲ್ಲದ" ಬಿಸ್ಕತ್ತುಗಳು ಬಂದವು. ಕೊಬ್ಬಿಲ್ಲವಲ್ಲ ಎಂದು ಜನ ಒಂದರ ಬದಲು ಇಡೀ ಪೊಟ್ಟಣ ಮುಗಿಸಿದರು. ಸಕ್ಕರೆ ಉದ್ಯಮದ ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎಂದುಕೊಂಡಿದ್ದೆವು. ಜಾರಿದ್ದಲ್ಲ, ಜಾರಿಸಿದ್ದು ಎಂದು ಗೊತ್ತಾದದ್ದು 2016ರಲ್ಲಿ. ಹೃದ್ರೋಗದ ಆರೋಪವನ್ನು ಸಕ್ಕರೆಯಿಂದ ಕೊಬ್ಬಿನತ್ತ ಸರಿಸಿದ 1967ರ ಲೇಖನವೊಂದಕ್ಕೆ ಸಕ್ಕರೆ ಉದ್ಯಮದ ಸಂಸ್ಥೆ ಹಾರ್ವರ್ಡ್‌ನ ಸಂಶೋಧಕರಿಗೆ 6,500 ಡಾಲರ್ ಕೊಟ್ಟಿದ್ದ ಕಾಗದಗಳು ಹೊರಬಿದ್ದವು. ನನಗೆ ಸಿಟ್ಟು ಬಂದದ್ದು ಲಂಚಕ್ಕಲ್ಲ, ಅದರ ಮೊತ್ತಕ್ಕೆ. ಇಡೀ ಮನುಕುಲದ ಎದೆಗೆ ಇಷ್ಟೇ ಬೆಲೆಯೇ?

ಬೆಣ್ಣೆಯ ಜಾಗಕ್ಕೆ ಮಾರ್ಗರಿನ್ ಬಂದ ಕಥೆ ಇನ್ನೂ ಸೊಗಸು. ಎಣ್ಣೆಗೆ ಹೈಡ್ರೋಜನ್ ಊದಿ ಗಟ್ಟಿ ಮಾಡಿದಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಅದು ಕೆಟ್ಟ ಕೊಲೆಸ್ಟರಾಲನ್ನು ಏರಿಸಿ ಒಳ್ಳೆಯದನ್ನು ಇಳಿಸುತ್ತದೆಂದು 1990ರಲ್ಲಿ ಡಚ್ ಸಂಶೋಧಕರು ತೋರಿಸಿದರು. ಹೃದಯ ಉಳಿಸಲೆಂದು ಬೆಣ್ಣೆ ಬಿಟ್ಟವರು ಬೆಣ್ಣೆಗಿಂತ ಕೆಟ್ಟದ್ದನ್ನು ರೊಟ್ಟಿಗೆ ಸವರಿಕೊಂಡಿದ್ದರು. 2006ರಿಂದ ಅಮೆರಿಕದಲ್ಲಿ ಅದರ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸುವುದು ಕಡ್ಡಾಯವಾಯಿತು. ಆದರೆ ಒಂದು ಬಾರಿಯ ಪ್ರಮಾಣದಲ್ಲಿ ಅರ್ಧ ಗ್ರಾಂಗಿಂತ ಕಡಿಮೆಯಿದ್ದರೆ ಸೊನ್ನೆ ಎಂದೇ ಬರೆಯಬಹುದು! ಬಾರಿ ಎಂದರೆಷ್ಟು? ಎರಡೋ ಮೂರೋ ಬಿಸ್ಕತ್ತು. ಹೀಗೆ ಹತ್ತು ಸಲ ಸೊನ್ನೆ ತಿಂದವನ ಹೊಟ್ಟೆಯಲ್ಲಿ ಹೆಚ್ಚುಕಡಿಮೆ ಐದು ಗ್ರಾಂ ಕುಳಿತಿರಬಹುದು. ಸೊನ್ನೆಗೆ ಇಷ್ಟು ತೂಕವಿದೆಯೆಂದು ಯಾವ ಗಣಿತಜ್ಞನೂ ಊಹಿಸಿರಲಾರ.

ಇನ್ನು ಮೊಟ್ಟೆಯ ವಿಷಯ. ಟೈಮ್ ಪತ್ರಿಕೆ 1984ರಲ್ಲಿ ಎರಡು ಮೊಟ್ಟೆಗಳನ್ನು ಕಣ್ಣಾಗಿಸಿ ಅಳುಮೋರೆಯ ಮುಖಪುಟ ಮಾಡಿತ್ತು. ಅದೇ ಪತ್ರಿಕೆ 2014ರಲ್ಲಿ ಬೆಣ್ಣೆ ತಿನ್ನಿ ಎಂದು ಮುಖಪುಟದಲ್ಲೇ ಸಾರಿತು. 2015ರ ಸರ್ಕಾರಿ ಮಾರ್ಗಸೂಚಿಯಿಂದ 300 ಮಿಲಿಗ್ರಾಂನ ಮಿತಿಯನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದುಬಿಟ್ಟರು. ವಿಷಾದವಿಲ್ಲ, ವಿವರಣೆಯೂ ಅಷ್ಟಕ್ಕಷ್ಟೇ. ಜಟ್ಟಿ ಬಿದ್ದ, ಮೀಸೆ ಮಣ್ಣಾಗಲಿಲ್ಲ. ಅದೇ ದಾಖಲೆಯ ಇನ್ನೊಂದು ಕಡೆ, ಕೊಲೆಸ್ಟರಾಲನ್ನು ಆದಷ್ಟೂ ಕಡಿಮೆ ತಿನ್ನಿ ಎಂಬ ಸಾಲೂ ಉಳಿದಿತ್ತು. ಆದ್ದರಿಂದ ಮೊಟ್ಟೆಗೆ ಸಿಕ್ಕಿದ್ದು ಖುಲಾಸೆಯಲ್ಲ, ಷರತ್ತುಬದ್ಧ ಜಾಮೀನು.

ಹಿರಿಯರಿಗೆ ಇಷ್ಟನ್ನೂ ಹೇಳಿದೆ. ಅವರ ಮುಖ ಅರಳಿತು. "ಅದಕ್ಕೇ ನಾನು ಇವರಲ್ಲಿ ಒಬ್ಬರನ್ನೂ ನಂಬುವುದಿಲ್ಲ. ನಾನು ನಂಬುವುದು ಇವರನ್ನು" ಎಂದು ಮೊಬೈಲ್ ಮುಂದೆ ಹಿಡಿದರು. ತೆರೆಯ ಮೇಲೆ ಅಂಗಿ ತೊಡದ ಯುವಕನೊಬ್ಬ ಕಾಫಿಗೆ ಬೆಣ್ಣೆಯ ತುಂಡು ಹಾಕುತ್ತಾ, ವೈದ್ಯರು ಎಪ್ಪತ್ತು ವರ್ಷ ಮುಚ್ಚಿಟ್ಟ ಸತ್ಯವನ್ನು ಒಂದು ನಿಮಿಷದಲ್ಲಿ ಬಿಚ್ಚಿಡುತ್ತಿದ್ದ. ಕೆಳಗೆ ಅವನದೇ ಹೆಸರಿನ ಪುಡಿಯ ಡಬ್ಬಿ ಮಾರಾಟಕ್ಕಿತ್ತು. 6,500 ಡಾಲರ್ ಪಡೆದ ಪ್ರೊಫೆಸರನನ್ನು ಕ್ಷಮಿಸದ ನಮ್ಮ ಹಿರಿಯರು ಡಬ್ಬಿಯ ದುಡ್ಡನ್ನು ತಾವೇ ಪಾವತಿಸಿದ್ದರು.

"ಕೊಲೆಸ್ಟರಾಲ್ ಅನ್ನುವುದೇ ದೊಡ್ಡ ಸುಳ್ಳಂತೆ" ಎಂದರು.

ಇಲ್ಲಿ ನನಗೆ ಸ್ವಲ್ಪ ಕಷ್ಟವಾಯಿತು. ಮೊಟ್ಟೆಯ ಲೆಕ್ಕ ತಪ್ಪಿತೆಂದ ಮಾತ್ರಕ್ಕೆ ರಕ್ತದಲ್ಲಿನ ಕೆಟ್ಟ ಕೊಲೆಸ್ಟರಾಲ್, ಅಂದರೆ ಎಲ್‌ಡಿಎಲ್ ಸಾಧು ಪ್ರಾಣಿಯಾಗುವುದಿಲ್ಲ. ರಕ್ತದಿಂದ ಅದನ್ನು ಹೊರಗೆಳೆಯುವ ಗ್ರಾಹಕಗಳನ್ನು ಪತ್ತೆಹಚ್ಚಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ 1985ರಲ್ಲಿ ನೊಬೆಲ್ ಪಡೆದರು. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ರೋಗಿಗಳ ಪರೀಕ್ಷೆಯಲ್ಲಿ, ಔಷಧದಿಂದ ಅದನ್ನು ಇಳಿಸಿದಾಗ ಸಾವೂ ಇಳಿಯಿತು. ಇದು ಒಂದು ನಿಮಿಷದ ವಿಡಿಯೊಗೆ ಒಗ್ಗುವ ಸರಕಲ್ಲ. ಬೆಣ್ಣೆ ಕರಗುವ ದೃಶ್ಯವೂ ಇದರಲ್ಲಿಲ್ಲ. ಎಲ್ಲಕ್ಕಿಂತ ತಮಾಷೆಯೆಂದರೆ ಸ್ಯಾಚುರೇಟೆಡ್ ಕೊಬ್ಬು ದಿನದ ಕ್ಯಾಲೊರಿಯಲ್ಲಿ ಶೇ. 10 ದಾಟಬಾರದೆಂಬ ಅಂಕಿ. ಅದು 1977ರ ಸಮಿತಿಯ ವರದಿಯಲ್ಲೂ ಇತ್ತು. 2026ರ ಜನವರಿಯಲ್ಲಿ ಹೊರಬಂದ ಅಮೆರಿಕದ ಹೊಸ ಮಾರ್ಗಸೂಚಿಯಲ್ಲೂ ಇದೆ. ದಿನಕ್ಕೆ 2,000 ಕ್ಯಾಲೊರಿ ತಿನ್ನುವವನಿಗೆ ಮೂರು ದೊಡ್ಡ ಚಮಚ ಬೆಣ್ಣೆಗೇ ಆ ಪಾಲು ಮುಗಿಯುತ್ತದೆ. ಆದರೆ ಹೊಸ ಮಾರ್ಗಸೂಚಿಯ ಚಿತ್ರ ಬೇರೆಯೇ ರಾಗ ಹಾಡುತ್ತದೆ: ಏನನ್ನು ಎಷ್ಟು ತಿನ್ನಬೇಕೆಂದು ತೋರಿಸುತ್ತಿದ್ದ ಹಳೆಯ ಪಿರಮಿಡ್ಡನ್ನು ತಲೆಕೆಳಗು ಮಾಡಿ, ಅಗಲವಾದ ಮೇಲ್ಭಾಗದಲ್ಲಿ ಮಾಂಸದ ತುಂಡು, ಕೆನೆ ತೆಗೆಯದ ಹಾಲು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ಇಷ್ಟು ಅಕ್ಷರಶಃ ಪಾಲಿಸಿದ ಸರ್ಕಾರಿ ಕಡತವನ್ನು ನಾನು ಕಂಡಿಲ್ಲ.

"ನಂಬಿ ಕೆಟ್ಟೆವು" ಎಂದು ಹಿರಿಯರು ನಿಟ್ಟುಸಿರು ಬಿಟ್ಟರು.

"1992ರ ಪಿರಮಿಡ್ಡಿನಲ್ಲಿ ದಿನಕ್ಕೆ ಮೂರರಿಂದ ಐದು ಪಾಲು ತರಕಾರಿ ಎಂದಿತ್ತಲ್ಲ, ತಿಂದಿರಾ?" ಎಂದು ಕೇಳಿದೆ.

"ಅದು ಬೇರೆ ವಿಷಯ."

"ತುದಿಯಲ್ಲಿ ಕೊಬ್ಬಿನ ಜೊತೆ ಸಿಹಿಯನ್ನೂ ಇಟ್ಟು, ಮಿತವಾಗಿ ಬಳಸಿ ಎಂದಿದ್ದರು."

ಅವರು ನಾಲ್ಕನೆಯ ಬಿಸ್ಕತ್ತನ್ನು ಬಾಯಿಗಿಟ್ಟುಕೊಂಡಿದ್ದರಿಂದ ಉತ್ತರ ಬರಲಿಲ್ಲ. ಹೇಳಿದ್ದರಲ್ಲಿ ಹತ್ತರಲ್ಲಿ ಒಂದನ್ನು, ಅದೂ ಸುಲಭವಾದ ಒಂದನ್ನು ಆರಿಸಿ ಪಾಲಿಸಿದವರಿಗೆ ಹತ್ತೂ ಪಾಲಿಸಿ ಮೋಸಹೋದವರಷ್ಟೇ ನೋವಾಗುತ್ತದೆ ಎಂಬುದನ್ನು ಯಾರಾದರೂ ಅಧ್ಯಯನ ಮಾಡಬೇಕು. ಖರ್ಚಿಗೆ ಸಕ್ಕರೆಯವರು ಇದ್ದಾರೆ. (ಅಂದಹಾಗೆ, ಕೊಬ್ಬಿನ ಮೇಲೆ ಕೇಸು ಹಾಕಿದ ಕೀಸ್ 2004ರಲ್ಲಿ ತೀರಿಕೊಂಡಾಗ ಅವರಿಗೆ ನೂರು ತುಂಬಿತ್ತು. ಕೊಬ್ಬಿನ ಪರ ನಿಂತ ಡಾ. ಅಟ್ಕಿನ್ಸ್ 2003ರಲ್ಲಿ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ತಲೆಗೆ ಪೆಟ್ಟಾಗಿ ಹೋದರು. ಎರಡೂ ಕಡೆಯವರು ಇದರಿಂದ ಏನನ್ನಾದರೂ ಸಾಧಿಸಲು ಇಂದಿಗೂ ಹೆಣಗುತ್ತಿದ್ದಾರೆ.)

ಅಷ್ಟರಲ್ಲಿ ಹಿರಿಯರ ಸರದಿ ಬಂತು. ಪೊಟ್ಟಣವನ್ನು ನನ್ನ ಕೈಗಿತ್ತು, "ಡಾಕ್ಟರಿಗೆ ಕಾಣುವುದು ಬೇಡ" ಎಂದು ಒಳಗೆ ಹೋದರು.

ಸಿಸ್ಟರ್ ಒಬ್ಬರು ಸುರುಳಿ ಸುತ್ತಿದ ಹೊಸ ಭಿತ್ತಿಪತ್ರವನ್ನೂ ಹಿಡಿ ಪಿನ್ನುಗಳನ್ನೂ ತಂದರು. ಹಳೆಯದನ್ನು ಕೀಳುವ ಗೋಜಿಗೆ ಹೋಗದೆ ಅದರ ಮೇಲೆಯೇ ಹೊಸದನ್ನು ಬಿಡಿಸಿ ಹಿಡಿದರು. ಚೂಪು ಕೆಳಗಿತ್ತು. ಅವರು ಹುಬ್ಬು ಗಂಟಿಕ್ಕಿ, ಕಾಗದವನ್ನು ತಿರುಗಿಸಿ, ಚೂಪು ಮೇಲಕ್ಕೆ ಬರುವಂತೆ ನಾಲ್ಕೂ ಮೂಲೆಗೆ ಪಿನ್ನು ಒತ್ತಿದರು. ಅಕ್ಷರಗಳೆಲ್ಲ ಬಾವಲಿಗಳ ಹಾಗೆ ನೇತಾಡತೊಡಗಿದವು.

"ಸಿಸ್ಟರ್, ತಲೆಕೆಳಗಾಯಿತಲ್ಲ" ಎಂದೆ.

ಒಳಗಿನಿಂದ ಉದ್ದನೆಯ ಔಷಧಿ ಚೀಟಿ ಹಿಡಿದು ಬರುತ್ತಿದ್ದ ಹಿರಿಯರು ಗೋಡೆಯನ್ನೊಮ್ಮೆ ನೋಡಿದರು. ನನ್ನ ಕೈಯಿಂದ ಪೊಟ್ಟಣ ತೆಗೆದುಕೊಂಡರು.

"ಇರಲಿ ಬಿಡಿ ಸಿಸ್ಟರ್. ಐದು ವರ್ಷಕ್ಕೆ ತಾನೇ ಸರಿಹೋಗುತ್ತದೆ."