ಮಳೆಗೆ ಮೊದಲು ಸಿಗದವರು

ರೋಹಿಣಿ ಮಳೆಯ ಮೊದಲ ಹನಿ ಸೀದಾ ನಾನು ಓದುತ್ತಿದ್ದ ಪೇಪರಿನ ಮೇಲೆ ಬಿತ್ತು, ಅದೂ ಈ ಸಲ ಮುಂಗಾರು ತಡ ಎಂದು ಬರೆದಿದ್ದ ಕಡೆ. ತಲೆಯೆತ್ತಿ ನೋಡಿದರೆ ಪಡಸಾಲೆಯ ಮಾಡಿನಲ್ಲಿ ಒಂದು ಹೆಂಚು ಜಾರಿ ಬಾಯಿ ಬಿಟ್ಟಿದೆ. ಮಂಗಗಳ ಕೃಪೆ. "ಹೆಂಚಿನವನಿಗೆ ಹೇಳಿಲ್ವಾ?" ಎಂದು ಅಡುಗೆಮನೆಯಿಂದ ಪ್ರಶ್ನೆ ಬಂತು. ಹೇಳದೆ ಏನು! ಯುಗಾದಿಯಿಂದ ಹೇಳುತ್ತಲೇ ಇದ್ದೇನೆ. ಅವನೂ ಯುಗಾದಿಯಿಂದ "ಆಯ್ತು ಮೇಷ್ಟ್ರೇ, ನಾಳೆ ಬಂದೆ" ಅನ್ನುತ್ತಲೇ ಇದ್ದಾನೆ.

ಮಲೆನಾಡಿನಲ್ಲಿ ಮೇ ತಿಂಗಳು ಬಂತೆಂದರೆ ಕೈಕಸುಬಿನವರ ರಾಜ್ಯಭಾರ ಶುರು. ನಾವೆಲ್ಲ ಅವರ ಪ್ರಜೆಗಳು. ಅವರು ಮಳೆಗಾಲಕ್ಕೆ ಹೇಗೆ ತಯಾರಾಗುತ್ತಾರೆ ಎನ್ನುವುದನ್ನು ನಾನು ಬಹಳ ವರ್ಷದಿಂದ ಗಮನಿಸುತ್ತ ಬಂದಿದ್ದೇನೆ, ಅದರ ಗುಟ್ಟನ್ನು ಇಲ್ಲಿ ಬಿಚ್ಚಿಡುವ ಉದ್ದೇಶವೂ ಇದೆ. ನಮ್ಮ ಬಡಗಿಯನ್ನೇ ನೋಡಿ. ಮೇ ಮುಗಿಯುವುದರೊಳಗೆ ಪಾಲಿಶ್ ಕೆಲಸವನ್ನೆಲ್ಲ ಮುಗಿಸಿ ಕೈತೊಳೆದುಕೊಂಡುಬಿಡುತ್ತಾನೆ. ಥಂಡಿಗೆ ಪಾಲಿಶ್ ಬಿಳಿಚಿಕೊಳ್ಳುತ್ತದೆ. ಬಾಗಿಲು ಬಿಗಿಯಾಗಿದೆ, ಸ್ವಲ್ಪ ಕೀಸುಳಿ ಹೊಡೆದುಕೊಡು ಎಂದರೆ ಮಾತ್ರ ಈಗ ಬೇಡ ಅನ್ನುತ್ತಾನೆ. ಆರಿದ್ರೆಯಲ್ಲಿ ಊರಿನ ಬಾಗಿಲುಗಳೆಲ್ಲ ಉಬ್ಬಿ ಕೂತಾಗ ಒಂದೇ ಸುತ್ತಿನಲ್ಲಿ ಮುಗಿಸುವ ಲೆಕ್ಕ ಅವನದು. ಅಲ್ಲಿಯವರೆಗೆ ನಾವು ಬಚ್ಚಲಿನ ಬಾಗಿಲಿಗೆ ಹೆಗಲು ಕೊಡುತ್ತಿರಬೇಕು.

ಹೆಂಚಿನವನ ತಯಾರಿ ಇನ್ನೂ ಗಹನ. ಅವನ ಕೊಟ್ಟಿಗೆಯ ಹಿಂದೆ ಕಿತ್ತುಹಾಕಿದ ಮನೆಗಳ ಹಳೆ ಹೆಂಚುಗಳು ಕಂಪನಿವಾರು ಸಾಲಾಗಿ ನಿಂತಿವೆ. ಒಂದು ಕಂಪನಿಯ ಹೆಂಚಿನ ಗಾಡಿ, ಅಂದರೆ ಅಂಚಿನ ತೋಡು, ಇನ್ನೊಂದರದಕ್ಕೆ ಕೂರುವುದಿಲ್ಲ, ಎಳ್ಳಷ್ಟು ವ್ಯತ್ಯಾಸವಿದ್ದರೂ ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಎಷ್ಟೋ ಕಂಪನಿಗಳು ಹುಟ್ಟಿದವು, ಬಹುಪಾಲು ಮುಚ್ಚಿಯೂ ಹೋದವು. ನಮ್ಮ ಮನೆಯ ಹೆಂಚು ಹಾಗೆ ಮುಚ್ಚಿಹೋದ ಕಂಪನಿಯದು. ಒಡೆದರೆ ಇವನ ಕೊಟ್ಟಿಗೆಯೇ ಗತಿ. ಇದು ಅವನಿಗೆ ಚೆನ್ನಾಗಿ ಗೊತ್ತು. ಐದನೇ ಕ್ಲಾಸಿನಲ್ಲಿ ನನ್ನ ಕೈಯಲ್ಲಿ ಮಗ್ಗಿ ಕಲಿತವನು, ಲೆಕ್ಕ ತಪ್ಪುವುದಿಲ್ಲ.

ಫೋನ್ ಎತ್ತದಿದ್ದಾಗ ಹುಡುಕಿಕೊಂಡು ಹೊರಟೆ. ಆಸಾಮಿ ಸಿಕ್ಕಿದ್ದು ಮಾಡಿನ ಮೇಲಲ್ಲ, ಕೆಳಗಿನ ಕೇರಿಯವರ ಅಡಿಕೆ ತೋಟದಲ್ಲಿ, ನೀಲಿ ಡ್ರಮ್ಮಿನ ಮುಂದೆ. ಮಾಡು ಹತ್ತುವವನು ಮರವನ್ನೂ ಹತ್ತುತ್ತಾನೆ. ಮಳೆ ಕೂರುವುದರೊಳಗೆ ಒಂದು ಸುತ್ತು ಔಷಧಿ ಹೊಡೆದಾಗಬೇಕು, ಇಲ್ಲದಿದ್ದರೆ ಕೊಳೆ ಬಂದು ಎಳೆಯ ಕಾಯಿ ಬುಡಕ್ಕೆ ಸುರಿದುಬಿಡುತ್ತದೆ. ನಮ್ಮ ಹಿರಿಯರು ಗೊನೆಗೆ ಕೊಟ್ಟೆ, ಅಂದರೆ ಮಳೆ ತಾಗದ ಹಾಗೆ ಹೊದಿಕೆ, ಕಟ್ಟಿ ಮಳೆ ಕಳೆಯುತ್ತಿದ್ದರು. ಆಮೇಲೆ ಮೈಸೂರು ಸರ್ಕಾರಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಸಾಹೇಬರು ಕೊಳೆರೋಗವನ್ನು ಕೂತು ಅಭ್ಯಾಸ ಮಾಡಿ, 1910ರಲ್ಲಿ ಅದರ ಮೇಲೆ ಬುಲೆಟಿನ್ನನ್ನೇ ಹೊರತಂದರು. ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ ನಮ್ಮ ತೋಟಗಳಲ್ಲಿ ಬೇರೂರಿದ್ದು ಆ ಕಾಲದಿಂದ.

ಈ ದ್ರಾವಣದ ಜಾತಕ ಕೇಳಿದರೆ ನಗು ಬರುತ್ತದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯುತ್ತಾರೆಂದು ರಸ್ತೆ ಬದಿಯ ಬಳ್ಳಿಗಳಿಗೆ ಇದನ್ನು ಎರಚುತ್ತಿದ್ದರಂತೆ, ನೋಡಿದರೇ ಬಾಯಿಗಿಡಲು ಮನಸ್ಸಾಗಬಾರದು ಎಂದು. 1882ರಲ್ಲಿ ಮಿಲಾರ್ಡೆ ಎಂಬ ಪ್ರೊಫೆಸರ್ ಆ ದಾರಿಯಲ್ಲಿ ಹೋಗುವಾಗ, ಎರಚಿದ ಬಳ್ಳಿಗಳಿಗೆ ಬೂಜುರೋಗ ಹತ್ತದೇ ಇದ್ದದ್ದನ್ನು ಕಂಡರು. ಕಳ್ಳರಿಲ್ಲದೇ ಹೋಗಿದ್ದರೆ ನಮ್ಮ ಅಡಿಕೆಯ ಗತಿ ಏನಾಗುತ್ತಿತ್ತೋ!

ಶಿಷ್ಯ ಕದಡುತ್ತಿದ್ದ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು; ತಿರುಗಾಮುರುಗಾ ಮಾಡಿದರೆ ಕೆಟ್ಟಿತು. ಡ್ರಮ್ಮಿನಲ್ಲಿ ತಿಳಿ ಆಕಾಶದ ಬಣ್ಣ ಎದ್ದಿತು. ಸೊಂಟದ ಕತ್ತಿ ತೆಗೆದು ಅದ್ದಿ, ಸ್ವಲ್ಪ ಹೊತ್ತು ಹಿಡಿದು, ಮೇಲೆತ್ತಿ ಬಿಸಿಲಿಗೆ ತಿರುಗಿಸಿದ. ಅಲಗಿನ ಮೇಲೆ ತೆಳ್ಳಗೆ ಕೆಂಪು. "ತುತ್ತ ಜಾಸ್ತಿ" ಎಂದು ಇನ್ನೊಂದು ಬೊಗಸೆ ಸುಣ್ಣದ ನೀರು ಸುರಿದ, ಕತ್ತಿ ಉಜ್ಜಿದ, ಮತ್ತೆ ಅದ್ದಿದ. ಈ ಸಲ ಅಲಗು ಅಲಗಿನ ಹಾಗೇ ಇತ್ತು. ನಾನು ಬಂದ ಕೆಲಸ ಮರೆತು ನೋಡುತ್ತ ನಿಂತೆ. "ಮೇಷ್ಟ್ರೇ, ಆಚೆ ನಿಲ್ಲಿ, ಪಂಚೆ ನೀಲಿಯಾಗುತ್ತೆ" ಎಂದ.

ಇಂಥ ಶ್ರದ್ಧೆಯವನನ್ನು ಬೈಯುವುದಾದರೂ ಹೇಗೆ? ಆದರೂ ಸಿಟ್ಟು ಇದ್ದೇ ಇದೆ. ಅಡಿಕೆಗೆ ಸಿಗುವ ಮರ್ಯಾದೆ ಮನುಷ್ಯರ ನೆತ್ತಿಗೆ ಯಾಕಿಲ್ಲ? ಅದಕ್ಕಿಂತ ಹೆಚ್ಚಿನ ಸಿಟ್ಟು ನಮ್ಮ ಪಕ್ಕದ ಮನೆಯವರ ಮೇಲೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಸುರಿಯುವ ಆಗುಂಬೆಯನ್ನು ಮಗ್ಗುಲಲ್ಲಿಟ್ಟುಕೊಂಡು ಕ್ರಿಕೆಟ್ ಮೈದಾನದಂಥ ಚಪ್ಪಟೆ ತಾರಸಿ ಹಾಕಿಸಿದರು. ಅದು ಸೋರಿದ ಮೇಲೆ ಅದರ ನೆತ್ತಿಗೆ ತಗಡಿನ ಶೀಟು. ಮಳೆ ಹೊಯ್ಯುವಾಗ ಆ ಗದ್ದಲದಲ್ಲಿ ನಮ್ಮ ಮನೆಯ ಟೀವಿ ನಮಗೇ ಕೇಳಿಸುವುದಿಲ್ಲ. ಅವರೋ, "ನೀವೂ ಶೀಟು ಹಾಕಿಸಿಬಿಡಿ ಮೇಷ್ಟ್ರೇ, ಹೆಂಚಿನವರ ಕಾಲು ಹಿಡಿಯೋದು ತಪ್ಪುತ್ತೆ" ಎಂದು ಕಂಡಾಗಲೆಲ್ಲ ಉಪದೇಶ ಮಾಡುತ್ತಾರೆ.

ಕೊನೆಗೆ ಕೈ ತೊಳೆದುಕೊಂಡು ಬಂದ ಶಿಷ್ಯ, ಭಾನುವಾರ ಬೆಳಿಗ್ಗೆ ಖಂಡಿತ, ನಿಮ್ಮ ಕಂಪನಿಯ ಹೆಂಚು ತೆಗೆದಿಟ್ಟಿದ್ದೇನೆ ಎಂದ. ಕೇಳಿ ಹೊಟ್ಟೆ ತಣ್ಣಗಾಯಿತು. ಎರಡು ಹೆಜ್ಜೆ ಹಾಕಿದ್ದೆ, ಹಿಂದಿನಿಂದ ಕರೆದ.

"ಏಣಿ ಮನೇಲೇ ಇದೆಯಲ್ಲ ಮೇಷ್ಟ್ರೇ?"

ಏಣಿ ಇರುವುದು ಪಕ್ಕದ ಮನೆಯಲ್ಲಿ. ಶೀಟು ಹಾಕಿಸುವಾಗ ಒಯ್ದಿದ್ದರು. ಈಗ ಕೇಳಲು ಹೋದರೆ ಒಂದು ಲೋಟ ಕಾಫಿಯನ್ನೂ, ಶೀಟಿನ ಗುಣಗಾನವನ್ನೂ ಪೂರ್ತಿ ಕುಡಿಸದೆ ಅವರು ಬಿಡುವುದಿಲ್ಲ.