ಅಣ್ಣಾವ್ರ ನಾಣ್ಯ ಜೇಬಿಗೆ ಬರಲಿ

ವೇಲ್ಸ್‌ನ ಕಾರ್ಡಿಫ್‌ಗೆ ಬಂದ ಹೊಸತು. 2018ರ ಕೊನೆ. ಬ್ರೆಡ್ ಅಂಗಡಿಯವರು ಕೊಟ್ಟ ಚಿಲ್ಲರೆಯಲ್ಲಿ ಏಳು ಮೂಲೆಯ ಒಂದು 50 ಪೆನ್ಸ್ ನಾಣ್ಯ ಇತ್ತು. ತಿರುಗಿಸಿದರೆ ಒಂದು ಕರಡಿಮರಿ, ರೈಲ್ವೆ ಸ್ಟೇಷನ್ನಿನಲ್ಲಿ ತನ್ನ ಪೆಟ್ಟಿಗೆ ಮೇಲೆ ಕೂತಿದೆ. ಮಗಳು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ಅಪ್ಪಾ, ಪ್ಯಾಡಿಂಗ್ಟನ್! ಇದನ್ನ ಖರ್ಚು ಮಾಡ್ಬೇಡ."

ನಾಣ್ಯ ಬಂದದ್ದು ಪ್ಯಾಡಿಂಗ್ಟನ್ ಅನ್ನುವ ಈ ಕರಡಿಯ ಕಥೆಯಿರುವ 1958ರ ಮಕ್ಕಳ ಪುಸ್ತಕಕ್ಕೆ 60 ವರ್ಷ ತುಂಬಿದ ನೆನಪಿಗೆ. ನನ್ನ ಮಗಳಿಗೆ ಮಾತ್ರ ಆ ಕರಡಿ ಗುರುತಾದದ್ದು ಸಿನಿಮಾದಿಂದ. ಅಂಥ 50 ಲಕ್ಷಕ್ಕೂ ಜಾಸ್ತಿ ನಾಣ್ಯಗಳನ್ನು ಅಚ್ಚು ಹಾಕಿ, ಸುಮ್ನೆ ಚಿಲ್ಲರೆಯ ಜೊತೆ ಜನರ ಕೈಗೆ ಬಿಟ್ಟಿದ್ದರು. ಹಾಲು ತಂದರೆ ಸಿಗಬಹುದು, ಬಸ್ಸಿನಲ್ಲಿ ಸಿಗಬಹುದು. ಆಮೇಲೆ ಒಂದು ವರ್ಷವಿಡೀ ನಮ್ಮ ಮನೆಯಲ್ಲಿ ಚಿಲ್ಲರೆ ಬಂದಾಗಲೆಲ್ಲ ಟೇಬಲ್ ಮೇಲೆ ಸುರಿದು ಹುಡುಕುವುದೇ ಹಬ್ಬ.

ಇವುಗಳನ್ನು ಅಚ್ಚು ಹಾಕುವ ರಾಯಲ್ ಮಿಂಟ್ ಇರುವುದು ಲಾಂಟ್ರಿಸೆಂಟ್‌ನಲ್ಲಿ, ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ನೋಡಲು ಹೋದವರು ಅಲ್ಲಿ ತಮ್ಮ ಕೈಯಾರೆ ಒಂದು ನಾಣ್ಯ ಅಚ್ಚು ಹಾಕಬಹುದು. 2022ರಲ್ಲಿ ಅವರು ಹ್ಯಾರಿ ಪಾಟರ್ ನಾಣ್ಯ ತಂದರು, ಮರುವರ್ಷ ಸ್ಟಾರ್ ವಾರ್ಸ್. ಹ್ಯಾರಿ ಪಾಟರ್ ಸರಣಿಯ ನಾಲ್ಕು ನಾಣ್ಯಗಳಲ್ಲಿ ಎರಡರ ಹಿಂದೆ ರಾಣಿ ಎಲಿಜಬೆತ್ ಇದ್ದಾರೆ, ಇನ್ನೆರಡರ ಹಿಂದೆ ರಾಜ ಚಾರ್ಲ್ಸ್. ಸರಣಿ ಮುಗಿಯುವ ಮೊದಲೇ ರಾಣಿ ತೀರಿಕೊಂಡಿದ್ದರು. ಅಂಗೈಯಲ್ಲಿಟ್ಟು ನೋಡಿದರೆ ಒಂದು ಕಾಲ ಮುಗಿದದ್ದು ಕಾಣುತ್ತದೆ.

ಆದರೆ ಇವು ಚಲಾವಣೆಗೆ ಬರಲಿಲ್ಲ. 50 ಪೆನ್ಸ್ ನಾಣ್ಯಕ್ಕೆ ಹತ್ತು ಪೌಂಡಿಗೂ ಜಾಸ್ತಿ ಕೊಟ್ಟು, ಪ್ಯಾಕೆಟ್‌ನಲ್ಲಿ ಕೊಳ್ಳಬೇಕು. ಮಗಳ ಹುಟ್ಟುಹಬ್ಬಕ್ಕೆ ಒಂದು ಕೊಂಡೆ. ಎರಡು ಸಲ ನೋಡಿದಳು, ಬೀರುವಿಗೆ ಹೋಯಿತು. ಚಿಲ್ಲರೆಯಲ್ಲಿ ಸಿಕ್ಕ ಕರಡಿ ಮಾತ್ರ ಇವತ್ತಿಗೂ ಅವಳ ಪೆನ್ಸಿಲ್ ಡಬ್ಬಿಯಲ್ಲಿದೆ, ಮುಟ್ಟಿ ಮುಟ್ಟಿ ಅದರ ಹೊಳಪೇ ಹೋಗಿದೆ. ನನ್ನ ಮಟ್ಟಿಗೆ ನಾಣ್ಯ ಅಂದರೆ ಅದು.

ನಮ್ಮ ದೇಶದ ರೀತಿ ಬೇರೆ. ಇಲ್ಲಿ ಸಿನಿಮಾದ ಪಾತ್ರವನ್ನು ನಾಣ್ಯದ ಮೇಲೆ ಹಾಕುತ್ತಾರೆ, ನಾವು ಸಿನಿಮಾದ ಮನುಷ್ಯನನ್ನು ಹಾಕುತ್ತೇವೆ. ನನಗೆ ನಮ್ಮ ರೀತಿಯೇ ಇಷ್ಟ. 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಎನ್‌ಟಿಆರ್ ಅವರ 100 ರೂಪಾಯಿ ನಾಣ್ಯ ಬಿಡುಗಡೆಯಾಯಿತು. 44 ಮಿಲಿಮೀಟರ್ ಅಗಲ, ಅರ್ಧ ಬೆಳ್ಳಿ, ಉಳಿದದ್ದು ತಾಮ್ರ, ನಿಕ್ಕಲ್, ಸತು. ಹೈದರಾಬಾದಿನ ಟಂಕಸಾಲೆಯಲ್ಲಿ ಅಚ್ಚಾದದ್ದು. ನೋಡಲು ಚೆಂದವೇ. ಆದರೆ ಆಗ ಪೆಟ್ಟಿಗೆ ಸಮೇತ ಸುಮಾರು ನಾಲ್ಕು ಸಾವಿರ ರೂಪಾಯಿ. ಎನ್‌ಟಿಆರ್ ಸಿನಿಮಾವನ್ನು ನೆಲದ ಮೇಲೆ ಕೂತು ನೋಡಿ ಬೆಳೆಸಿದ ಜನರ ಕೈಗೆ ಅದು ಸಿಗುವುದು ಹೇಗೆ?

ಹಾಗಂತ ಕೈಗೆ ಸಿಗುವ ನಾಣ್ಯ ನಮ್ಮಲ್ಲಿ ಬಂದೇ ಇಲ್ಲ ಅನ್ನುವ ಹಾಗಿಲ್ಲ. 2006ರಲ್ಲಿ ಬಸವಣ್ಣನವರ 5 ರೂಪಾಯಿ ನಾಣ್ಯ ಬಂದಿತ್ತು, ನೆನಪಿದೆಯಲ್ವಾ? ತುಮಕೂರಿನಲ್ಲಿ ನಮ್ಮಮ್ಮನಿಗೆ ಅದು ಬಸ್ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ಸಿಕ್ಕಿತು. ಸೆರಗಿನಿಂದ ಒರೆಸಿ, "ಇವರು ಯಾರೋ ನೋಡು, ಓದಕ್ಕೆ ಆಗ್ತಿಲ್ಲ" ಅಂತ ನನ್ನ ಕೈಗೆ ಕೊಟ್ಟರು. ಹೆಸರು ಇದ್ದದ್ದು ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಬಸವಣ್ಣ ಅಂತ ನಾನು ಹೇಳಿದ ಮೇಲೆ ಅದು ಸಾಸಿವೆ ಡಬ್ಬಿಗೆ ಹೋಗಲಿಲ್ಲ, ದೇವರ ಮನೆಗೆ ಹೋಯಿತು. ವಚನಗಳನ್ನು ಬಾಯಿಪಾಠ ಹೇಳುವ ನಮ್ಮಮ್ಮನಿಗೆ ಬಸವಣ್ಣನ ಹೆಸರು ಓದಲು ಆಗಲಿಲ್ಲ ಅನ್ನುವುದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ.

ವೇಲ್ಸ್‌ನ ಜನ ಈ ವಿಷಯದಲ್ಲಿ ನನಗೆ ತುಂಬಾ ಹತ್ತಿರ. ಅವರದೂ ದೊಡ್ಡ ಭಾಷೆಯ ಪಕ್ಕ ಬಾಳುವ ನುಡಿ. 1985ರಲ್ಲಿ ವೇಲ್ಸ್‌ನ ಹೆಸರಿನಲ್ಲಿ ಬಂದ ಒಂದು ಪೌಂಡ್ ನಾಣ್ಯದ ಅಂಚಿನಲ್ಲಿ ಅವರ ನಾಡಗೀತೆಯ ಒಂದು ಸಾಲನ್ನು ವೆಲ್ಷ್ ನುಡಿಯಲ್ಲೇ ಕೊರೆದಿದ್ದರು: ನನ್ನ ನಾಡಿಗೆ ನಾನು ನಿಷ್ಠ ಅಂತ ಅದರ ಅರ್ಥ. ಲಂಡನ್ನಿನ ಅಂಗಡಿಯಲ್ಲೂ ಆ ಸಾಲು ಕೈಯಿಂದ ಕೈಗೆ ಹೋಗುತ್ತಿತ್ತು. ನಮ್ಮಲ್ಲೂ ದಾರಿ ತೆರೆದಿದೆ. 2024ರ ಆಗಸ್ಟ್‌ನಲ್ಲಿ ಚೆನ್ನೈನಲ್ಲಿ ಬಿಡುಗಡೆಯಾದ ಕರುಣಾನಿಧಿಯವರ 100 ರೂಪಾಯಿ ನಾಣ್ಯದ ಮೇಲೆ 'ತಮಿಳ್ ವೆಲ್ಲುಂ' ಎಂದು ತಮಿಳಿನಲ್ಲೇ ಇದೆ. ತಮಿಳು ಗೆಲ್ಲುತ್ತದೆ ಅಂತ. ಅವರೂ ಸಿನಿಮಾಕ್ಕೆ ಮಾತು ಬರೆದು ಬೆಳೆದವರು. ಎಂಜಿಆರ್ ನೂರರ ನೆನಪಿಗೆ 100 ರೂಪಾಯಿಯ ಜೊತೆ 5 ರೂಪಾಯಿಯದನ್ನೂ ಮಾಡಿದರು.

ಅಣ್ಣಾವ್ರು ಹುಟ್ಟಿದ್ದು 1929ರ ಏಪ್ರಿಲ್ 24. 2029ಕ್ಕೆ ನೂರು ತುಂಬುತ್ತದೆ. ಅಂಚೆ ಚೀಟಿ 2009ರಲ್ಲೇ ಬಂತು, ನಾಣ್ಯ ಬಂದಿಲ್ಲ. ಬರಬೇಕು. ಬರೀ ಬೆಳ್ಳಿಯದು ಬಂದರೆ ಸಾಲದು. ಅಭಿಮಾನಿಗಳನ್ನು ದೇವರು ಅಂತ ಕರೆದವರು ಅವರು. ಆ ದೇವರುಗಳು ಇರುವುದು ಸಂತೆಯಲ್ಲಿ, ಆಟೋ ಸ್ಟ್ಯಾಂಡಿನಲ್ಲಿ, ಹೂವಿನ ಅಂಗಡಿಯಲ್ಲಿ. ಅವರ ನಾಣ್ಯ ಅಲ್ಲೆಲ್ಲ ಓಡಾಡಬೇಕು. ಫೋನಿನಲ್ಲೇ ದುಡ್ಡು ಹೋಗುವ ಕಾಲದಲ್ಲಿ ಚಿಲ್ಲರೆ ಯಾರಿಗೆ ಬೇಕು ಅನ್ನಬಹುದು. ಇಲ್ಲೂ ಎಲ್ಲರೂ ಕಾರ್ಡ್ ತೋರಿಸುವವರೇ, ಆದರೂ ಕರಡಿಯನ್ನು ಹುಡುಕಿದರು.

ನಾಣ್ಯ ಯಾವುದು, ಎಷ್ಟರದು, ಚಿತ್ರ ಏನು ಅಂತ 2011ರ ನಾಣ್ಯ ಕಾಯ್ದೆಯಂತೆ ತೀರ್ಮಾನ ಮಾಡುವುದು ಕೇಂದ್ರ ಸರ್ಕಾರ. ಹಾಗಾಗಿ ಕೇಳಬೇಕಾದ್ದು ಅಲ್ಲಿ, ಕೇಳಬೇಕಾದ್ದು ಈಗ. ಕಳೆದ ರಾಜ್ಯೋತ್ಸವಕ್ಕೆ ಸೇರಿದ್ದಾಗ ನಾವು ಕೆಲವು ಮನೆಯವರು ಹಣಕಾಸು ಸಚಿವಾಲಯಕ್ಕೆ ಒಂದು ಮನವಿ ಬರೆದು ಸಹಿ ಹಾಕಿದೆವು. ಕೇಳಿದ್ದು ಎರಡೇ. ಒಂದು, ಚಲಾವಣೆಗೆ ಬರುವ 10 ರೂಪಾಯಿ ನಾಣ್ಯ. ಎರಡು, ಅದರ ಮೇಲೆ ಅಣ್ಣಾವ್ರ ಹೆಸರು ಕನ್ನಡದಲ್ಲಿ. ಮಗಳೂ ಸಹಿ ಹಾಕಿದಳು, ಕನ್ನಡದಲ್ಲೇ, ಒಂದೊಂದೇ ಅಕ್ಷರ ಜೋಡಿಸಿ.