ಜಿರಾ ಕೊಳ್ಳುವ ಮೊದಲು ಎರಡು ದಾಖಲೆ

ಪ್ರಾಜೆಕ್ಟ್ ಕೆಲಸಕ್ಕೆ ಒಂದು ಕ್ರಮ ತರೋಣ ಅಂತ ಹೊರಟರೆ ಬೆಂಗಳೂರಿನ ಎಷ್ಟೋ ಸಣ್ಣ ಸಾಫ್ಟ್‌ವೇರ್ ಕಂಪನಿಗಳಿಗೆ ಮೊದಲು ನೆನಪಾಗುವುದು ಜಿರಾ, ಅಂದರೆ ಯಾವ ಕೆಲಸ ಎಲ್ಲಿಗೆ ಬಂತು ಅಂತ ಪಟ್ಟಿ ಇಡುವ ಸಾಫ್ಟ್‌ವೇರ್. ನಾನಿರುವ ಜರ್ಮನಿಯಲ್ಲಿ ಮೊದಲು ಬರುವುದು ಎರಡು ದಾಖಲೆ, ಲಾಸ್ಟೆನ್‌ಹೆಫ್ಟ್ ಮತ್ತು ಫ್ಲಿಷ್ಟೆನ್‌ಹೆಫ್ಟ್. ಪ್ರಾಜೆಕ್ಟ್ ನಿರ್ವಹಣೆಗಿರುವ ಜರ್ಮನ್ ಮಾನಕ ಡಿಐಎನ್ 69901ರಲ್ಲಿ ಇವೆರಡೂ ಬೇರೆಬೇರೆ. ಏನು ಬೇಕು, ಯಾತಕ್ಕೆ ಬೇಕು ಅನ್ನುವುದನ್ನು ಮೊದಲನೆಯದರಲ್ಲಿ ಗ್ರಾಹಕರು ಬರೆಯಬೇಕು. ಹೇಗೆ ಮಾಡುತ್ತೇವೆ ಅನ್ನುವುದನ್ನು ಎರಡನೆಯದರಲ್ಲಿ ಕೆಲಸ ಒಪ್ಪಿಕೊಂಡವರು ಬರೆಯಬೇಕು.

ನಮ್ಮ ಕಡೆ ಎರಡನ್ನೂ ಕಂಪನಿಯವರೇ ಬರೆದು ಕಳಿಸುವುದುಂಟು. ಗ್ರಾಹಕರು ಪೂರ್ತಿ ಓದದೆ ಓಕೆ ಅಂದುಬಿಡುತ್ತಾರೆ. ಮುಂದಿನ ಜಗಳ ಹುಟ್ಟುವುದು ಅಲ್ಲೇ. "ವರದಿ ಬೇಗ ತೆರೆಯಬೇಕು" ಅಂತ ಬರೆದರೆ ಬೇಗ ಅಂದರೆ ಎಷ್ಟು? "200 ಜನ ಒಟ್ಟಿಗೆ ಬಳಸುವಾಗ ತಿಂಗಳ ವರದಿ 3 ಸೆಕೆಂಡಿನೊಳಗೆ ತೆರೆಯಬೇಕು" ಅಂತಿದ್ದರೆ ಅದನ್ನು ಪರೀಕ್ಷಿಸಬಹುದು. ಪರೀಕ್ಷಿಸಲಾಗದ ಸಾಲನ್ನು ಒಪ್ಪಲೇಬಾರದು.

ಕೆಲಸ ಮುಗಿದಾಗ ಅಬ್‌ನಾಮೆ, ಅಂದರೆ ಗ್ರಾಹಕರು ವಿಧಿವತ್ತಾಗಿ ಸ್ವೀಕರಿಸುವುದು. ಜರ್ಮನ್ ನಾಗರಿಕ ಸಂಹಿತೆಯ 640ನೇ ಕಲಂ ಪ್ರಕಾರ, ಮುಗಿದ ಕೆಲಸ ಸ್ವೀಕರಿಸಲು ಸಮಂಜಸ ಗಡುವು ಕೊಟ್ಟ ಮೇಲೆ ಗ್ರಾಹಕ ಕಂಪನಿ ಅದರೊಳಗೆ ಒಂದಾದರೂ ದೋಷ ಹೆಸರಿಸಿ ನಿರಾಕರಿಸದಿದ್ದರೆ, ಸ್ವೀಕರಿಸಿದಂತೆಯೇ ಲೆಕ್ಕ. ಬಾಕಿ ಹಣವೂ ಆಗಲೇ ಸಲ್ಲಬೇಕು. "ಇದೊಂದು ಸಣ್ಣದು ಮಾಡಿಕೊಟ್ಟುಬಿಡಿ" ಅನ್ನುತ್ತ ಕೊನೆಯ ಕಂತನ್ನು ವರ್ಷಗಟ್ಟಲೆ ಎಳೆಯುವ ನಮ್ಮ ಅಭ್ಯಾಸಕ್ಕೆ ಇಂಥದೊಂದು ಷರತ್ತು ಕರಾರಿನಲ್ಲೇ ಇರಬೇಕು.

ಆ "ಸಣ್ಣದು" ಸಣ್ಣದಾಗಿ ಉಳಿಯುವುದೂ ಅಪರೂಪ. ಒಂದು ಕಾಲಂ ಸೇರಿಸಿದರೆ ಡೇಟಾಬೇಸ್, ಸ್ಕ್ರೀನ್, ವರದಿ, ಹಳೆಯ ಪರೀಕ್ಷೆಗಳು ಎಲ್ಲವನ್ನೂ ಮುಟ್ಟಬೇಕು. ಬದಲಾವಣೆಗೆ ಅರ್ಧ ಪುಟದ ಚೀಟಿ ಸಾಕು: ಕೇಳಿದವರು ಯಾರು, ಯಾಕೆ, ಎಷ್ಟು ದಿನ ಹೆಚ್ಚಾಗುತ್ತದೆ, ಒಪ್ಪಿದವರು ಯಾರು. "ನೋಡೋಣ ಸಾರ್, ಮಾಡೋಣ" ಅನ್ನುವ ಮಾತು ಜರ್ಮನ್ ಕಿವಿಗೆ ಪಕ್ಕಾ ಒಪ್ಪಿಗೆಯಂತೆ ಕೇಳಿಸುತ್ತದೆ. ಆಗುವುದಿಲ್ಲ ಅಂತಿದ್ದರೆ ಮೊದಲ ದಿನವೇ ಹೇಳುವುದು ಮರ್ಯಾದೆ.

ಹಾಗಂತ ಜರ್ಮನ್ ದಾರಿ ಪೂರ್ತಿ ಸರಿಯಿಲ್ಲ. ದಾಖಲೆ ಬರೆಯುವುದರಲ್ಲೇ ತಿಂಗಳುಗಳು ಕಳೆದು, ಅಷ್ಟರಲ್ಲಿ ಬೇಕಾದದ್ದೇ ಬದಲಾಗಿರುತ್ತದೆ. ಅಲ್ಲಿಯವರೆಗೆ ತಯಾರಾದಷ್ಟನ್ನು ಎರಡು ವಾರಕ್ಕೊಮ್ಮೆ ತೋರಿಸಿ, ಗ್ರಾಹಕರ ಬಾಯಿಂದಲೇ ತಪ್ಪು ಕೇಳಿಸಿಕೊಳ್ಳುವ ಬೆಂಗಳೂರಿನ ತಂಡಗಳ ರೂಢಿಯೇ ಈ ವಿಷಯದಲ್ಲಿ ಮೇಲು. ಆದ್ದರಿಂದ ಸಣ್ಣ ಕಂಪನಿಗೆ ಎರಡೂ ದಾಖಲೆ ಸೇರಿ ಹತ್ತು ಪುಟ ದಾಟುವುದು ಬೇಡ.

ಇಷ್ಟಾದ ಮೇಲೆ ಜಿರಾ ತೆರೆಯಿರಿ. ಬಾಕಿ, ನಡೆಯುತ್ತಿದೆ, ಪರೀಕ್ಷೆಯಲ್ಲಿದೆ, ಮುಗಿದಿದೆ: ನಾಲ್ಕು ಕಾಲಂ ಸಾಕು. ಒಬ್ಬರ ಹೆಸರಿನಲ್ಲಿ ನಡೆಯುತ್ತಿರುವ ಕೆಲಸ ಎರಡನ್ನು ಮೀರದಿರಲಿ. ಐದು ಹೊರಿಸಿದರೆ ಐದೂ ಅರ್ಧಕ್ಕೆ ನಿಲ್ಲುತ್ತವೆ.